ತಾಯಿಗಡ್ಡೆ

ಘಾಟ್ಕೋಪರ್,
೧೨ ಜೂನ್ ೧೯೫೫

ಶರಣವ್ವನಿಗೆ,

ನಿನ್ನ ಕ್ಷೇಮಸಮಾಚಾರ ಕೇಳಲು ಬರೆದ ಕಾಗದವಲ್ಲ ಇದು. ನನಗೆ ಸೇರಬೇಕಾದ ವಸ್ತುವೊಂದು ನಿನ್ನಲ್ಲಿದೆ, ಅದಕ್ಕಾಗಿ ಬರೆಯುತ್ತಿದ್ದೇನೆ.

ಪರೇಲಿನ ನಿಮ್ಮ ಚಾಳಿನ ನೀರಿನ ನಳ್ಳಿಯ ಪಕ್ಕದಲ್ಲಿ ನನ್ನ ತಮ್ಮ ಪೂವಪ್ಪ ಬೆಳೆಸಿದ ಕೆಸುವಿನ ಪಾತಿ ಇದೆಯಲ್ಲ, ಅದು ತಾನಾಗಿ ಹುಟ್ಟಿದ ಕೆಸುವಲ್ಲ. ನಮ್ಮ ಅಮ್ಮನದು. ಅಪ್ಪಿ ಎಂಬ ಅವಳ ಹೆಸರು ಕೇಳಿದರೆ ನಮ್ಮೂರಿನಲ್ಲಿ ಗಂಡಸರೂ ಬದಿಗೆ ಸರಿದು ದಾರಿ ಬಿಡುತ್ತಿದ್ದರು, ಅಂಥ ಹೆಂಗಸು ಅವಳು. ನಾನು ಮದುವೆಯಾಗಿ ಬೊಂಬಾಯಿಗೆ ಹೊರಟಾಗ ಹೊಸ್ತಿಲಲ್ಲಿ ನಿಲ್ಲಿಸಿ ಒಂದು ತಾಯಿಗಡ್ಡೆಯನ್ನು ಮಡಿಲಿಗೆ ಹಾಕಿದಳು. ಮೂರು ವರ್ಷದ ಮೇಲೆ ಪೂವಪ್ಪ ಮಿಲ್ಲಿನ ಕ್ಯಾಂಟೀನಿಗೆ ಅಡಿಗೆಗೆಂದು ಬರುವಾಗ ಅವನಿಗೂ ಒಂದು ಕೊಟ್ಟಳು. ನನ್ನ ಅಂಗಳದ್ದು ಹೋಯಿತು. ಹೋದ ವರ್ಷ ಮಾಲಕ ಅಂಗಳಕ್ಕೆಲ್ಲ ಸಿಮೆಂಟು ಬಳಿಸಿಬಿಟ್ಟ. ಊರಿನ ಹಿತ್ತಿಲು ಬೇರೆಯವರ ಕೈ ಸೇರಿ ಎಷ್ಟೋ ವರ್ಷವಾಯಿತು. ಈಗ ಅಮ್ಮನ ಕೆಸು ಉಳಿದಿರುವುದು ನಿನ್ನ ಆ ಗಟಾರದ ಬದಿಯಲ್ಲಿ ಮಾತ್ರ. ನನ್ನ ಹಣೆಬರಹ.

ಜುಲೈ ನಡುವಿಗೆ ನಮಗೆ ಆಟಿ ತಿಂಗಳು ಹಿಡಿಯುತ್ತದೆ. ಆ ತಿಂಗಳಲ್ಲಿ ನಾವು ಸತ್ತವರಿಗೆ ಎಲೆ ಹಾಕಿ ಬಡಿಸಿ, ಬಾಗಿಲು ಎಳೆದುಕೊಂಡು ಹೊರಗೆ ಕಾಯುತ್ತೇವೆ. ಅವರು ಬಂದು ಉಂಡು ಹೋಗುತ್ತಾರೆ. ನಿಮ್ಮ ಬಿಜಾಪುರದ ಕಡೆ ಇದೆಲ್ಲ ಇಲ್ಲ, ನಿನಗೆ ತಿಳಿಯದು. ಪೂವಪ್ಪ ತೀರಿಕೊಂಡ ಮೇಲೆ ಇದು ಮೊದಲ ಆಟಿ. ಅಕ್ಕಿಹಿಟ್ಟು ಸವರಿ ಸುರುಳಿ ಸುತ್ತಿ ಬೇಯಿಸಿದ ಪತ್ರೊಡೆ ಎಂದರೆ ಅವನಿಗೆ ಜೀವ. ಅಮ್ಮನ ಕೆಸುವಿನ ಎಲೆಯದೇ ಆಗಬೇಕು.

ಇಪ್ಪತ್ತು ಎಲೆ ಬೇಕು, ನೆಡಲು ಒಂದು ತಾಯಿಗಡ್ಡೆ ಬೇಕು. ಎಣ್ಣೆ ಡಬ್ಬದಲ್ಲಾದರೂ ನೆಟ್ಟುಕೊಳ್ಳುತ್ತೇನೆ. ಯಾವ ಭಾನುವಾರವೆಂದು ಬರೆದರೆ ನಮ್ಮ ಮನೆಯವರು ಬಂದು ಒಯ್ಯುತ್ತಾರೆ. ನೀನು ತರುವುದು ಬೇಡ, ಆ ಹುಡುಗಿಯ ಕೈಯಲ್ಲಿ ಕಳಿಸುವುದಂತೂ ಬೇಡವೇ ಬೇಡ.

ಇಂತಿ,
ಪೂವಪ್ಪನ ಅಕ್ಕ
ವಾರಿಜಾ


ಪರೇಲ್,
೧೯ ಜೂನ್ ೧೯೫೫

ವಾರಿಜಾಬಾಯಿಯವರಿಗೆ,

ಕಾಗದ ಓದಿದೆ. ಎರಡು ಸಲ ಓದಿದೆ. ಮೊದಲನೇ ಸಲ ನಗು ಬಂತು.

ಮೂರು ತಿಂಗಳ ಹಿಂದೆ ನಿಮ್ಮ ಮನೆಯಲ್ಲಿ ನಮ್ಮವರ ಉತ್ತರಕ್ರಿಯೆ, ನೀವು ಬೊಜ್ಜ ಎನ್ನುವುದು, ನಡೆಯಿತು. ಹೆಂಡತಿಗೆ ಹೇಳಿಕಳಿಸಲಿಲ್ಲ, ಮಗಳಿಗೆ ಹೇಳಿಕಳಿಸಲಿಲ್ಲ. ಯಾರೋ ಕ್ಯಾಂಟೀನಿನವರು ಹೇಳಿದ್ದಕ್ಕೆ ನಾನೇ ಮಗಳ ಕೈ ಹಿಡಿದುಕೊಂಡು ಲೋಕಲ್ ಹತ್ತಿ ಬಂದೆ. ನಿಮ್ಮ ಯಜಮಾನರು ಬಾಗಿಲಲ್ಲಿ ಅಡ್ಡ ನಿಂತು, "ಒಳಗೆ ನಮ್ಮ ಜನ ಇದ್ದಾರೆ ಮಾರಾಯ್ತಿ, ಗಲಾಟೆ ಬೇಡ" ಎಂದರು. ಮಗಳ ಕೈಯಲ್ಲಿ ಒಂದು ಬಟ್ಟೆಯ ಚೀಲ ಇತ್ತು. ಅದನ್ನು ನೋಡಿ ನೀವು ಒಳಗಿನಿಂದಲೇ ಕೂಗಿದಿರಿ: "ಚೀಲದಲ್ಲಿ ಏನುಂಟೋ ಏನೋ, ಹೊಸ್ತಿಲು ದಾಟಿಸಬೇಡಿ." ಅವಳು ಬೆಳಿಗ್ಗೆಯಿಂದ ಸಂಜೆಯವರೆಗೆ ನಿಮ್ಮ ಬಿಲ್ಡಿಂಗಿನ ಮೆಟ್ಟಿಲ ಮೇಲೆ ಕೂತಿದ್ದಳು. ಮೇಲೆ ಕೆಳಗೆ ಓಡಾಡುವವರು ದಾಟಿಕೊಂಡು ಹೋದರು. ಒಳಗೆ ಉಂಡವರು ಕೈ ತೊಳೆದ ಸಪ್ಪಳ ನಮಗೆ ಕೇಳಿಸಿತು. ಒಂಬತ್ತು ವರ್ಷದ ಕೂಸು, "ಯವ್ವಾ, ಅಪ್ಪಗ ಯಾರ್ ನೀಡ್ಯಾರ?" ಎಂದು ಕೇಳಿತು.

ಈಗ ಎಲೆ ಬೇಕು. ಗಡ್ಡೆ ಬೇಕು.

ಕೊಡುತ್ತೇನೆ. ನಾನು ಕೃಪಣಳಲ್ಲ. ಆದರೆ ಒಂದು ಮಾತು. ನಿಮ್ಮ ಆಟಿಯ ದಿನ ನಮ್ಮವರ ಎಲೆಗೆ ನನ್ನ ಮಗಳು ಬಡಿಸಬೇಕು. ನಾನು ಒಳಗೆ ಬರುವುದಿಲ್ಲ, ಬೇಕಾದರೆ ಅದೇ ಮೆಟ್ಟಿಲ ಮೇಲೆ ಕೂತಿರುತ್ತೇನೆ. ಅವಳು ಒಳಗೆ ಹೋಗಿ ತನ್ನ ಅಪ್ಪನಿಗೆ ತನ್ನ ಕೈಯಾರೆ ಬಡಿಸಿ ಹೊರಗೆ ಬರಬೇಕು, ನಿಮ್ಮ ಜನರೆಲ್ಲರ ಕಣ್ಣೆದುರಿಗೆ. ಒಪ್ಪಿಗೆಯಾದರೆ ಇಪ್ಪತ್ತಲ್ಲ, ನಲವತ್ತು ಎಲೆ ಒಯ್ಯಿರಿ. ಇಲ್ಲದಿದ್ದರೆ ಒಂದು ದಂಟೂ ಸಿಗುವುದಿಲ್ಲ.

ಇಂತಿ,
ನಿಮಗೆ ಏನೂ ಅಲ್ಲದ
ಶರಣವ್ವ


ಘಾಟ್ಕೋಪರ್,
೨೬ ಜೂನ್ ೧೯೫೫

ಶರಣವ್ವನಿಗೆ,

ಬಾಯಿ ಅಂತೆ ಬಾಯಿ! ನಾನೇನು ನಿಮ್ಮ ಚಾಳಿನಲ್ಲಿ ಪಾತ್ರೆ ತಿಕ್ಕಲು ಬರುವವಳೇ? ಇರಲಿ, ಕಲಿಸಿದವರು ಯಾರು ನಿನಗೆ.

ನಿನ್ನ ಕರಾರು ಕೇಳಿ ಮೈಯೆಲ್ಲ ಉರಿಯಿತು. ನೆಟ್ಟಗೆ ಹೇಳುತ್ತೇನೆ, ಕೇಳಿಸಿಕೋ. ನಮ್ಮಲ್ಲಿ ಕುಲ ನಡೆಯುವುದು ಹೆಣ್ಣಿನಿಂದ, ಅದಕ್ಕೆ ಬಳಿ ಎನ್ನುತ್ತೇವೆ. ಪೂವಪ್ಪ ನಮ್ಮ ಅಮ್ಮನ ಬಳಿಯವನು, ನಾನೂ ಅದೇ ಬಳಿ. ಅವನು ಸತ್ತರೂ ನಮ್ಮವನೇ. ಅವನ ಎಲೆಗೆ ಬಡಿಸುವ ಹಕ್ಕು ನನ್ನದು, ಹೆಂಡತಿಯದಲ್ಲ. ನಮ್ಮ ಜಾತಿಯ ಹೆಂಡತಿಯಾಗಿದ್ದರೂ ಅಲ್ಲ. ಅವನ ಮಗಳು ಅವಳ ತಾಯಿಯ ಬಳಿಗೆ ಸೇರಿದವಳು. ನಿನಗೆ ಬಳಿಯೇ ಇಲ್ಲ, ಹಾಗಾದರೆ ಅವಳಿಗೆ ಎಲ್ಲಿಂದ ಬರಬೇಕು?

ಅರ್ಥವಾಗದಿದ್ದರೆ ಆ ಪಾತಿಯ ಮುಂದೆ ಹೋಗಿ ನಿಂತು ನೋಡು. ಕೆಸುವಿಗೆ ಬೀಜ ಬಿತ್ತುವವರು ಯಾರಾದರೂ ಇದ್ದಾರೆಯೇ? ತಾಯಿಗಡ್ಡೆಯ ಮೈಗೆ ಅಂಟಿಕೊಂಡು ಮರಿಗಡ್ಡೆ ಹುಟ್ಟುತ್ತದೆ, ಆ ಮರಿ ಮುಂದೆ ತಾಯಿಯಾಗುತ್ತದೆ. ಕೆಸುವಿಗೆ ಅಪ್ಪ ಎಂಬವನಿಲ್ಲ. ನಮ್ಮ ಸಂತಾನವೂ ಹಾಗೆ.

ಮತ್ತೆ ಅಪ್ಪ ಅಪ್ಪ ಎಂದು ಬಾಯಿ ಬಡಿದುಕೊಳ್ಳುತ್ತೀಯಲ್ಲ, ಆ ಅಪ್ಪನನ್ನು ಕಳಿಸಿದವರು ಯಾರು? ಕಲ್ಲಿನಂಥ ಗಂಡಸು. ಗಟಾರದ ನೀರಿನ ಕೆಸು ಬೇಯಿಸಿ ಹಾಕಿ ಹಾಕಿ ಕಾಮಾಲೆ ಬರಿಸಿದೆ. ಹಳದಿ ಕಣ್ಣು ಬಿಟ್ಟುಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದ ಅವನನ್ನು ನೋಡಿ ಬಂದ ಮೇಲೆ ನಾನು ಸರಿಯಾಗಿ ಉಂಡಿಲ್ಲ. ನಿನ್ನನ್ನು ನಾನು ಕ್ಷಮಿಸುವುದಿಲ್ಲ. ಆ ಹುಡುಗಿಯ ಹೆಸರೇನೋ ನನಗೆ ಗೊತ್ತಿಲ್ಲ, ಗೊತ್ತಾಗುವುದೂ ಬೇಡ.

ನಿನ್ನ ಕೆಸು ನಿನಗೇ ಇರಲಿ. ಘಾಟ್ಕೋಪರಿನ ಭಾಜಿ ಮಾರ್ಕೆಟ್ಟಿನಲ್ಲಿ ಕಟ್ಟುಕಟ್ಟು ಅಳೂ ಬರುತ್ತದೆ. ಹೆಸರು ಅಳೂ ಆದರೇನು, ಕೆಸುವೇ ತಾನೆ. ದುಡ್ಡು ಕೊಟ್ಟು ತಂದು ಬಡಿಸುತ್ತೇನೆ.

ಇಂತಿ,
ವಾರಿಜಾ


ಪರೇಲ್,
೩ ಜುಲೈ ೧೯೫೫

ವಾರಿಜಾಬಾಯಿಯವರಿಗೆ,

ಮತ್ತೆ ಬಾಯಿ ಎಂದೇ ಬರೆದಿದ್ದೇನೆ. ಬೇರೆ ಏನೆನ್ನಲು ನೀವು ಜಾಗ ಉಳಿಸಿದ್ದೀರಿ?

ಕಾಮಾಲೆ ಬಂದದ್ದು ನಮ್ಮ ಚಾಳಿನಲ್ಲಿ ಹನ್ನೊಂದು ಜನಕ್ಕೆ. ಕೆಳಗಿನ ಮನೆಯ ಮಾಸ್ತರ ನೀಲಕಂಠಪ್ಪನವರಿಗೂ ಬಂತು, ಅವರು ಜೀವಮಾನದಲ್ಲಿ ಕೆಸು ಮುಟ್ಟಿದವರಲ್ಲ. ನೀರಿನ ಪೈಪು ಒಡೆದಿತ್ತು. ಎಂಟು ದಿನ ಮಿಲ್ಲಿನ ವೈಂಡಿಂಗ್ ಖಾತೆಯ ಕೆಲಸ ಬಿಟ್ಟು ಆಸ್ಪತ್ರೆಯಲ್ಲಿ ನಮ್ಮವರ ಮಂಚದ ಪಕ್ಕ ನೆಲದ ಮೇಲೆ ಕೂತವಳು ನಾನು. ನೀವು ಒಂದು ದಿನ ಬಂದಿರಿ, ಗೋಡೆಯ ಕಡೆ ಮುಖ ಮಾಡಿ ಅತ್ತಿರಿ, ನನ್ನ ಕಡೆ ನೋಡದೆ ಹೋದಿರಿ. ನಾನು ಕೊಂದೆ ಎಂದು ಹೇಗೆ ಬರೆದಿರಿ? ನಾನೂ ನಿಮ್ಮನ್ನು ಕ್ಷಮಿಸುವುದಿಲ್ಲ. ಅಲ್ಲಿಗೆ ಸರಿಹೋಯಿತು.

ನಮ್ಮವರು ಆ ಗಡ್ಡೆಯನ್ನು ನಳದ ಪಕ್ಕ ಊರಿದಾಗ ಚಾಳಿನವರೆಲ್ಲ ನಕ್ಕಿದ್ದರಂತೆ. ನಾನು ಮದುವೆಯಾಗಿ ಬಂದ ಮೇಲೆ ಬಾಗಿಲಿಗೊಂದು ಹೆಸರು ಕೇಳಿದೆ. ಮರಾಠಿಯವರು ಅಳೂ ಎಂದರು, ಮೇಲಿನ ಭಯ್ಯಾ ಅರವಿ ಎಂದ, ನಾನು ಶಾಮಗಡ್ಡಿ ಎಂದೆ, ಇವರು ತೇವು ಎಂದರು. ಒಂದು ದಿನ ಇದೇ ಜಗಳ ಜೋರಾದಾಗ ನೀಲಕಂಠಪ್ಪ ಮಾಸ್ತರರು ಹೊರಗೆ ಬಂದು, "ಮದ್ರಾಸಿನವ್ರು ಚೇಂಬು ಅಂತಾರ, ತುಳುವಿನಾಗ ತೇವು, ನಮ್ಮ ಕನ್ನಡದಾಗ ಕೆಸವು. ಎಲ್ಲಾ ಒಂದಽ ಬೇರಿಂದ ಬಂದಾವ್ರಿ. ಮನಿ ಬದಲಾದಂಗ ಹೆಸರು ಬದಲಾತು, ಗಡ್ಡಿ ಬದಲಾಗಲಿಲ್ಲ" ಎಂದರು. ನಮ್ಮವರು ವಾರಗಟ್ಟಲೆ ಅದನ್ನೇ ಹೇಳಿಕೊಂಡು ತಿರುಗಿದರು. ಗಡ್ಡೆಗಿರುವ ಬುದ್ಧಿ ಮನುಷ್ಯರಿಗೆ ಇಲ್ಲ ನೋಡಿ.

ಕೆಸುವಿಗೆ ಅಪ್ಪ ಇಲ್ಲ ಎಂದಿರಿ. ಸರಿ. ಹಾಗಾದರೆ ಅದನ್ನು ಜೇಬಿನಲ್ಲಿಟ್ಟುಕೊಂಡು ಹಡಗು ಹತ್ತಿ ಬಂದವನು ಯಾರು? ಇಲ್ಲಿ ಮಣ್ಣು ಅಗೆದವನು ಯಾರು?

ನೀವು ಎತ್ತಿದ ಮಾತು, ನಾನು ಮುಗಿಸುತ್ತೇನೆ. ನಿಮಗೆ ಇರುವವರು ಶೇಖರ ಮತ್ತು ಸೀನ, ಇಬ್ಬರೂ ಗಂಡು. ಹೆಣ್ಣಿನಿಂದಲೇ ಕುಲ ನಡೆಯುವುದಾದರೆ ನಿಮ್ಮ ಅವ್ವನ ಬಳಿ ನಿಮ್ಮಲ್ಲಿಗೆ ಮುಗಿಯಿತು. ನಾಳೆ ನಿಮ್ಮ ಎಲೆಗೆ ಬಡಿಸುವವರು ಯಾರು, ಯೋಚನೆ ಮಾಡಿ.

ಮಗಳ ಹೆಸರು ನಿಮಗೆ ಬೇಡ. ನಾನೂ ಬರೆಯುವುದಿಲ್ಲ. ಹೋಗಿ ಅಳೂ ಕೊಳ್ಳಿರಿ.

ಶರಣವ್ವ


ಘಾಟ್ಕೋಪರ್,
೨೬ ಜುಲೈ ೧೯೫೫

ಶರಣವ್ವನಿಗೆ,

ನಿನ್ನ ಕೊನೆಯ ಕಾಗದ ಹರಿದು ಹಾಕಿದ್ದೆ. ಮಕ್ಕಳ ವಿಷಯ ಎತ್ತಿದೆಯಲ್ಲ, ಅದು ಸರಿಯಾದ ಜಾಗಕ್ಕೇ ಚುಚ್ಚಿತು, ನಿನಗೆ ಸಂತೋಷವಾಗಿರಬಹುದು. ಉತ್ತರ ಬರೆಯುವುದಿಲ್ಲವೆಂದು ಇದ್ದವಳು ಬರೆಯುವ ಹಾಗಾಯಿತು.

ಮೊನ್ನೆ ಭಾನುವಾರ ತಮ್ಮನಿಗೆ ಬಡಿಸಿದೆವು. ಕಾಂದಿವಲಿಯಿಂದ ನಮ್ಮ ಸೋದರಮಾವ ದೂಜಣ್ಣ ಬಂದಿದ್ದರು. ಒಟ್ಟು ಹದಿನಾರು ಜನ. ಮಾರ್ಕೆಟ್ಟಿನ ಎಲೆ ತಂದು ನಾನೇ ಪತ್ರೊಡೆ ಮಾಡಿದೆ. ಪೂವಪ್ಪನಿಗೆ ಚಿಕ್ಕಂದಿನಿಂದ ಹುಳಿ ಸೇರುವುದಿಲ್ಲ. ಅಮ್ಮ ಅವನ ಪಾಲಿನ ಹಿಟ್ಟಿಗೆ ಹುಣಸೆಹುಳಿ ಹಾಕುತ್ತಲೇ ಇರಲಿಲ್ಲ. ಅವನಿಗೆಂದು ಮಾಡುವಾಗ ನಾನೂ ಹಾಕಲಿಲ್ಲ, ಅವನಿಗೆ ಬೇಕಾದ ಹಾಗೆಯೇ ಮಾಡಿದೆ. ಎಲೆಗೆ ಬಡಿಸಿ ಬಾಗಿಲು ಎಳೆದುಕೊಂಡು ಕಾದೆವು. ಆಮೇಲೆ ಒಳಗೆ ಹೋಗಿ ಕೈಮುಗಿದು ಅದೇ ಪಾತ್ರೆಯದನ್ನು ಎಲ್ಲರಿಗೂ ಹಂಚಿದೆ.

ಎರಡು ತುತ್ತು ಹೋಗುವಷ್ಟರಲ್ಲಿ ದೂಜ ಮಾವ ಕುತ್ತಿಗೆ ಹಿಡಿದುಕೊಂಡರು. ಸೀನನ ತುಟಿ ಊದಿತು. ಹದಿನಾರು ಜನರ ಗಂಟಲಲ್ಲೂ ಸೂಜಿ ಚುಚ್ಚಿದ ಹಾಗೆ ತುರಿಕೆ. ಮಕ್ಕಳು ಗೋಳೋ ಎಂದು ಅತ್ತವು. ಅಮ್ಮನ ಮನೆಯಲ್ಲಿ ನಾನು ಹುಟ್ಟಿದಂದಿನಿಂದ ಕೆಸು ತಿಂದಿದ್ದೇನೆ, ಇಂಥದ್ದು ಕಂಡಿಲ್ಲ ಮಾರಾಯ್ತಿ. ದೂಜ ಮಾವ ನೀರು ಕುಡಿದು ಸುಧಾರಿಸಿಕೊಂಡು, "ಇದು ಕೆಸುವಿನ ತುರಿಕೆ ಅಲ್ಲ ವಾರಿಜಾ. ಅವನಿಗೆ ಸಮಾಧಾನ ಇಲ್ಲ. ನಿನ್ನ ಕೈಯ ಅನ್ನ ಅವನು ಮುಟ್ಟಲಿಲ್ಲ" ಎಂದುಬಿಟ್ಟರು. ಎಲ್ಲರೂ ನನ್ನನ್ನೇ ನೋಡಿದರು. ನಾನು ಎತ್ತಿ ಆಡಿಸಿದ ತಮ್ಮ ಅವನು.

ನೀನೇನಾದರೂ ಹರಕೆ ಹೊತ್ತೆಯಾ? ಶಾಪ ಹಾಕಿದೆಯಾ? ಹಾಕಿದ್ದರೆ ಹಾಕಿದೆ ಎಂದು ಬರೆ. ಇಲ್ಲವಾದರೆ ಒಂದು ಮಾತು ಕೇಳುತ್ತೇನೆ, ಸುಳ್ಳು ಹೇಳಬೇಡ. ಕೊನೆಗೆ ಅವನು ನನ್ನ ವಿಷಯ ಏನಾದರೂ ಹೇಳಿದನೇ? ನನ್ನ ಮೇಲೆ ಸಿಟ್ಟು ಇಟ್ಟುಕೊಂಡೇ ಹೋದನೇ?

ವಾರಿಜಾ


ಪರೇಲ್,
೧ ಆಗಸ್ಟ್ ೧೯೫೫

ವಾರಿಜಕ್ಕನವರಿಗೆ,

ನಿಮ್ಮ ಕಾಗದ ಬಂದ ದಿನ ನಾನು ಒಂದು ಕೆಟ್ಟ ಯೋಚನೆ ಮಾಡಿದೆ. ಹೌದು, ಅವರಿಗೆ ಸಿಟ್ಟು, ನನ್ನ ಮಗಳ ಕೈಯಿಂದ ಬಡಿಸುವವರೆಗೆ ಅದು ಇಳಿಯುವುದಿಲ್ಲ ಎಂದು ಬರೆದಿದ್ದರೆ ನೀವು ಮರುದಿನವೇ ಅವಳನ್ನು ಕರೆದು ಮಣೆ ಹಾಕುತ್ತಿದ್ದಿರಿ. ಕೂತು ಹಾಗೆಯೇ ಬರೆದೆ. ಆಮೇಲೆ ಒಲೆಗೆ ಹಾಕಿದೆ. ಹೆದರಿದವರ ಮನೆಯೊಳಗೆ ನನ್ನ ಮಗಳನ್ನು ಕಳಿಸುವುದು ನನಗೆ ಬೇಡ.

ಶಾಪವೂ ಇಲ್ಲ, ಸಿಟ್ಟೂ ಇಲ್ಲ. ಬಜಾರದ ಕೆಸು ತುರಿಸುತ್ತದೆ, ಅಷ್ಟೇ. ಅದಕ್ಕೆ ಹುಣಸೆಹುಳಿ ಬೇಕೇ ಬೇಕು, ಅದೂ ಕೈ ಬಿಟ್ಟು ಹಾಕಬೇಕು. ನಿಮ್ಮ ಅವ್ವನ ಕೆಸು ತುರಿಸದ ಜಾತಿಯದು, ಹುಳಿಯಿಲ್ಲದೆಯೂ ನಡೆಯುತ್ತದೆ. ಮದುವೆಯಾದ ಮೊದಲ ಮಳೆಗಾಲದಲ್ಲಿ ನಮ್ಮ ಎಲೆ ಸಾಲದೆ ನಾನು ಮಾರ್ಕೆಟ್ಟಿನ ಎಲೆ ಸೇರಿಸಿ ಬೇಯಿಸಿದ್ದೆ. ಇವರ ತುಟಿ ಬದನೆಕಾಯಿಯಾಯಿತು. ಅಷ್ಟರಲ್ಲೂ ನಕ್ಕು, "ನಮ್ಮ ಅಕ್ಕನಿಗೂ ಇದು ಗೊತ್ತಿಲ್ಲ ಶರಣಿ. ಅವಳು ಅಮ್ಮನ ಕೆಸು ಬಿಟ್ಟು ಬೇರೆ ಮುಟ್ಟಿದವಳೇ ಅಲ್ಲ" ಎಂದು ಹೇಳಿದರು. ದೂಜಣ್ಣನವರಿಗೆ ಇದನ್ನು ಓದಿ ಹೇಳಿರಿ. ನಿಮ್ಮ ಕೈಯ ಅನ್ನಕ್ಕೆ ಯಾವ ದೋಷವೂ ಇಲ್ಲ.

ಇನ್ನು ನೀವು ಕೇಳಿದ ಮಾತು. ಸಾಯುವ ಹಿಂದಿನ ದಿನ ಅವರಿಗೆ ಸ್ವಲ್ಪ ಎಚ್ಚರವಿತ್ತು. "ಅಕ್ಕನ ಅಂಗಳಕ್ಕೆ ಸಿಮೆಂಟು ಹಾಕಿಬಿಟ್ಟರಂತೆ. ಒಂದು ತಾಯಿಗಡ್ಡೆ ತೆಗೆದುಕೊಂಡು ಹೋಗಿ ಕೊಡಿ, ಅವಳು ತಾನಾಗಿ ಕೇಳುವವಳಲ್ಲ" ಎಂದರು. ಆಮೇಲೆ ಮಾತಾಡಲಿಲ್ಲ.

ಬೊಜ್ಜದ ದಿನ ಮಗಳ ಕೈಯಲ್ಲಿದ್ದ ಚೀಲದಲ್ಲಿ ಇದ್ದದ್ದು ಅದೇ. ಬೆಳಿಗ್ಗೆ ಎದ್ದು ಅವಳೇ ಕೆದರಿ ತೆಗೆದು, ತೊಳೆದು, ಅಪ್ಪನ ಹಳೇ ಅಂಗಿಯ ತುಂಡಿನಲ್ಲಿ ಸುತ್ತಿ ತಂದಿದ್ದಳು. ಹೊಸ್ತಿಲು ದಾಟಿಸಬೇಡಿ ಎಂದಿರಲ್ಲ, ಅದನ್ನೇ. ಆವತ್ತು ಮನೆಗೆ ಬಂದು ಅಳುತ್ತ ಮತ್ತೆ ಅದೇ ಜಾಗದಲ್ಲಿ ಊರಿದಳು. ಈಗ ಅದಕ್ಕೆ ಆರು ಎಲೆ, ಪಕ್ಕದಲ್ಲಿ ಮೂರು ಮರಿ.

ನಿನ್ನೆ ಭಾನುವಾರ ನಾವೂ ಬಡಿಸಿದೆವು. ನಮ್ಮಲ್ಲಿ ಸತ್ತವರು ಶಿವನಲ್ಲಿ ಸೇರಿದರು ಎಂದರೆ ಮುಗಿಯಿತು, ಮತ್ತೆ ಕರೆದು ಉಣಿಸುವ ಪದ್ಧತಿಯಿಲ್ಲ. ನಮ್ಮವ್ವ ಬೈದಳು. ಬೈದುಕೊಳ್ಳಲಿ. ಮಗಳು ಬಡಿಸಿದಳು, ನಾನು ಬಾಗಿಲು ಎಳೆದುಕೊಂಡೆ. ಇಬ್ಬರೂ ಹೊರಗೆ ಕೂತು ಕಾದೆವು. ಆಮೇಲೆ ಉಂಡೆವು. ಯಾರಿಗೂ ತುರಿಸಲಿಲ್ಲ.

ಗಡ್ಡೆ ಬೇಕಾದರೆ ನಿಮ್ಮ ಯಜಮಾನರನ್ನು ಕಳಿಸಬೇಡಿ. ನೀವೇ ಬನ್ನಿ. ನನ್ನನ್ನು ಕೇಳುವುದೂ ಬೇಡ, ಅದು ನನ್ನದಲ್ಲ. ನಿಮ್ಮ ಅವ್ವನಿಂದ ಅವರಿಗೆ, ಅವರಿಂದ ಅವಳಿಗೆ. ಊರಿದವಳು ಅವಳು, ಅವಳನ್ನು ಕೇಳಿರಿ. ಕೊಟ್ಟರೆ ತೆಗೆದುಕೊಳ್ಳಿ, ಇಲ್ಲವೆಂದರೆ ಬರಿಗೈಯಲ್ಲಿ ಹೋಗಿ. "ಆ ಹುಡುಗಿ" ಎಂದು ಕರೆದರೆ ಅವಳು ತಿರುಗಿ ನೋಡುವುದಿಲ್ಲ, ಮೊದಲೇ ಹೇಳಿದ್ದೇನೆ.

ಶರಣವ್ವ


ಘಾಟ್ಕೋಪರ್,
೮ ಆಗಸ್ಟ್ ೧೯೫೫

ಶರಣವ್ವ,

ಅಡಿಗೆಮನೆಯಲ್ಲಿ ಮೂವತ್ತು ವರ್ಷ ಸವೆಸಿದವಳಿಗೆ ಹುಣಸೆಹುಳಿಯ ಪಾಠ ಹೇಳುತ್ತೀ. ಆಗಲಿ. ದೂಜ ಮಾವನಿಗೆ ಓದಿ ಹೇಳಿದೆ. ಅವರು ಕಾಫಿ ಕುಡಿದು ಎದ್ದು ಹೋದರು.

ಚೀಲದ ವಿಷಯ ಓದಿದ ಮೇಲೆ ಎರಡು ದಿನ ನಾನು ಒಲೆ ಹಚ್ಚಲಿಲ್ಲ. ಇದಕ್ಕಿಂತ ಹೆಚ್ಚು ಬರೆಯಲು ನನ್ನಿಂದಾಗದು, ಬರೆಯಿಸಬೇಡ.

ಭಾನುವಾರ ಹದಿನಾಲ್ಕಕ್ಕೆ ಬೆಳಗಿನ ಲೋಕಲ್ ಹಿಡಿದು ಒಬ್ಬಳೇ ಬರುತ್ತೇನೆ. ಆಟಿಯ ಕೊನೆಯ ಭಾನುವಾರ ಅದು. ನಿನ್ನ ಮನೆಯಲ್ಲಿ ಒಂದು ಲೋಟ ನೀರೂ ಮುಟ್ಟುವುದಿಲ್ಲ. ನಿನ್ನ ಮೇಲಿನ ಸಿಟ್ಟು ನನಗೆ ಇಳಿದಿಲ್ಲ, ಇಳಿದಿದೆ ಎಂದುಕೊಂಡು ಹಲ್ಲು ಕಿರಿಯಬೇಡ. ನನ್ನ ತಮ್ಮ ನನಗೆ ಹೇಳದೆ ಮದುವೆಯಾದದ್ದು ಇವತ್ತಿಗೂ ನನಗೆ ಉರಿಯೇ.

ಒಂದು ಮಾತು. ಅವಳು ಹುಟ್ಟಿ ಸ್ವಲ್ಪ ದಿನಕ್ಕೆ ಪೂವಪ್ಪ ಪೇಡೆಯ ಪೊಟ್ಟಣ ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದಿದ್ದ. "ಅಕ್ಕಾ, ಮಗುವಿಗೆ ಏನು ಹೆಸರು ಇಟ್ಟೆ ಗೊತ್ತುಂಟಾ?" ಎಂದ. ಹೆಸರು ಹೇಳುವ ಮೊದಲೇ ನಾನು ಬಾಗಿಲು ಹಾಕಿಕೊಂಡೆ. ಪೊಟ್ಟಣವನ್ನು ಹೊಸ್ತಿಲ ಮೇಲಿಟ್ಟು ಹೋದ. ಆಮೇಲೆ ಅವನು ಆ ಮಾತು ಎತ್ತಲಿಲ್ಲ, ನಾನು ಕೇಳಲಿಲ್ಲ.

ಬಂದು ಕೇಳಬೇಕಾದರೆ ಏನೆಂದು ಕರೆಯಲಿ? ಹೆಸರು ಬರೆ.

ವಾರಿಜಾ


ಪರೇಲ್,
೧೦ ಆಗಸ್ಟ್ ೧೯೫೫

ವಾರಿಜಕ್ಕನವರಿಗೆ,

ನೀರು ಮುಟ್ಟದಿದ್ದರೆ ಬಿಡಿ, ನಮ್ಮ ನಳಕ್ಕೆ ನೀರು ಬರುವುದೂ ಅಷ್ಟಕ್ಕಷ್ಟೇ.

ಭಾನುವಾರ ಬೆಳಿಗ್ಗೆ ಅವಳು ಪಾತಿಯ ಹತ್ತಿರವೇ ಇರುತ್ತಾಳೆ. ತೊಟ್ಟಿಲಿಗೆ ಹಾಕಿದ ದಿನ ಹೆಸರಿಟ್ಟವರು ನಿಮ್ಮ ತಮ್ಮ. ನಮ್ಮವ್ವ, "ಇದೆಂಥಾ ಹೆಸರೋ ಯಪ್ಪಾ, ನಮ್ಮ ಕಡೆ ಯಾರಿಗೂ ಇಲ್ಲ" ಎಂದು ಮುಖ ಸಿಂಡರಿಸಿದರೂ ಅವರು ಕೇಳಲಿಲ್ಲ.

ಅವಳ ಹೆಸರು ಅಪ್ಪಿ.

ಹೆತ್ತ ತಾಯಿಯ ಹೆಸರು ಹಿಡಿದು ಕೂಗಲು ನಿಮಗೆ ನಾಲಿಗೆ ಏಳದಿದ್ದರೆ, ಮಗಳೇ ಎಂದು ಕರೆಯಿರಿ. ತಿರುಗಿ ನೋಡುತ್ತಾಳೆ.

ಶರಣವ್ವ